ಬೆನ್ನುಮೂಳೆ ಆಪರೇಷನ್ ಆದ ಮೇಲೆ: ಹಾಸಿಗೆಯಿಂದ ಕೆಲಸದ ಕುರ್ಚಿಯವರೆಗೆ

ಬೆನ್ನುಮೂಳೆಯ ಆಪರೇಷನ್ ಮುಗಿಸಿ ಮನೆಗೆ ಬಂದವರಿಗೆ ಸಲಹೆಗೇನೂ ಬರವಿಲ್ಲ. ಮೂರು ತಿಂಗಳು ಹಾಸಿಗೆ ಬಿಟ್ಟು ಏಳಲೇಬೇಡಿ ಎಂದು ಒಬ್ಬರು, ಹತ್ತೇ ದಿನಕ್ಕೆ ಆಫೀಸಿಗೆ ಹೋದವರನ್ನು ನೋಡಿದ್ದೇನೆ ಎಂದು ಇನ್ನೊಬ್ಬರು. ಇಬ್ಬರ ಮಾತನ್ನೂ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟುಬಿಡಿ.

ಆಪರೇಷನ್ನಿನಲ್ಲಿ ಆಗುವುದು ಇಷ್ಟೇ: ನರವನ್ನು ಅಮುಕುತ್ತಿದ್ದ ಡಿಸ್ಕಿನ (ಬೆನ್ನುಮೂಳೆಗಳ ನಡುವಿನ ಮೆತ್ತೆಯ) ತುಣುಕನ್ನೋ ಮೂಳೆಯನ್ನೋ ತೆಗೆಯುತ್ತಾರೆ, ಇಲ್ಲವೇ ಅಲುಗಾಡುತ್ತಿದ್ದ ಮೂಳೆಗಳನ್ನು ಸೇರಿಸಿ ಬಿಗಿಯುತ್ತಾರೆ. ತಿಂಗಳುಗಟ್ಟಲೆ ನೋವು ತಿಂದು ಸೊರಗಿದ ಸ್ನಾಯುಗಳು, ಕಾಲು ಗಂಟೆ ಕೂತರೆ ಸೋಲುವ ಸೊಂಟ ಹಾಗೇ ಉಳಿದಿರುತ್ತವೆ. ಅವನ್ನು ಸರಿಮಾಡಿಕೊಳ್ಳುವುದು ಆಮೇಲಿನ ವಾರಗಳ ಕೆಲಸ. ಕೆಲಸಕ್ಕೆ ಮರಳುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡುವುದೇ ಹೆಚ್ಚಿನವರು ಮಾಡುವ ತಪ್ಪು. ನಿಮ್ಮ ಕೆಲಸದಲ್ಲಿ ದೇಹ ಏನೇನು ಮಾಡಬೇಕಾಗುತ್ತದೋ ಅದನ್ನು ಮೊದಲು ಮನೆಯಲ್ಲೇ ಮಾಡಿ ನೋಡಬೇಕು. ಮರುದಿನ ಬೆಳಿಗ್ಗೆ ಬೆನ್ನು ತಕರಾರು ಮಾಡದಿದ್ದರೆ ಹೊರಡಬಹುದು. ಕೆಳಗಿರುವುದು ಆ ದಿನದವರೆಗಿನ ದಾರಿ. ನಿಮ್ಮ ಸರ್ಜನ್ ಬೇರೆ ಮಿತಿ ಹಾಕಿದ್ದರೆ ಅವರ ಮಾತೇ ಅಂತಿಮ. ನಿಮ್ಮ ಬೆನ್ನನ್ನು ಒಳಗಿನಿಂದ ನೋಡಿದವರು ಅವರೊಬ್ಬರೇ.

## ಆಗಿರುವುದು ಯಾವ ಆಪರೇಷನ್?

ವಿಚಿತ್ರವೆಂದರೆ, ಮನೆಗೆ ಬಂದ ಮೇಲೂ ಎಷ್ಟೋ ಜನಕ್ಕೆ ತಮಗೆ ಆಗಿರುವುದು ಏನೆಂದು ಸರಿಯಾಗಿ ಗೊತ್ತಿರುವುದಿಲ್ಲ. ಮುಂದಿನ ಎಲ್ಲ ಲೆಕ್ಕವೂ ಅದರ ಮೇಲೇ ನಿಂತಿದೆ.

ಮೈಕ್ರೋಡಿಸ್ಕೆಕ್ಟಮಿ ಆಗಿದ್ದರೆ ಜಾರಿದ ಡಿಸ್ಕಿನ ತುಣುಕನ್ನಷ್ಟೇ ತೆಗೆದಿರುತ್ತಾರೆ. ಗಾಯ ಚಿಕ್ಕದು, ಕಾಲಿನ ಸೆಳೆತ ಎಷ್ಟೋ ಸಲ ಎಚ್ಚರವಾಗುತ್ತಿದ್ದಂತೆಯೇ ಇಳಿದಿರುತ್ತದೆ. ಅಪಾಯ ಇರುವುದೂ ಅಲ್ಲೇ. ನೋವಿಲ್ಲ ಎಂದು ಬಗ್ಗಿ ಭಾರ ಎತ್ತುತ್ತಾರೆ; ಆದರೆ ಡಿಸ್ಕಿನ ಹೊರಪದರದ ತೂತು ಇನ್ನೂ ಮುಚ್ಚಿರುವುದಿಲ್ಲ. ಅದೇ ಜಾಗದಲ್ಲಿ ಡಿಸ್ಕ್ ಮತ್ತೆ ಜಾರುವುದು ಸುಮಾರು 100ಕ್ಕೆ 5ರಿಂದ 15 ಜನರಲ್ಲಿ.

ಲ್ಯಾಮಿನೆಕ್ಟಮಿ ಅಥವಾ ಡಿಕಂಪ್ರೆಷನ್ ಎಂದರೆ ಇಕ್ಕಟ್ಟಾದ ನರದ ಕಾಲುವೆಯನ್ನು ಅಗಲಮಾಡುವುದು. ಇದು ಹೆಚ್ಚಾಗಿ ವಯಸ್ಸಾದವರಿಗೆ ಆಗುತ್ತದೆ, ಅವರಲ್ಲಿ ಚೇತರಿಕೆಯ ಅಳತೆಗೋಲು ನಿಲ್ಲದೆ ಎಷ್ಟು ದೂರ ನಡೆಯಬಲ್ಲರು ಎಂಬುದು.

ಫ್ಯೂಷನ್, ಅಂದರೆ ಮೂಳೆಗಳನ್ನು ಸೇರಿಸಿ ಬಿಗಿಯುವ ಆಪರೇಷನ್, ಇದರ ಕಥೆಯೇ ಬೇರೆ. ಸ್ಕ್ರೂ, ರಾಡ್ ಹಾಕಿದ ಮಾತ್ರಕ್ಕೆ ಮೂಳೆ ಕೂಡಿಕೊಂಡಿತು ಎಂದಲ್ಲ. ಮನೆಯ ಛಾವಣಿಗೆ ಕಾಂಕ್ರೀಟ್ ಹಾಕಿದಾಗ ಕೆಳಗೆ ಸೆಂಟ್ರಿಂಗ್ ನಿಲ್ಲಿಸುತ್ತಾರಲ್ಲ, ಸ್ಕ್ರೂ-ರಾಡುಗಳ ಕೆಲಸ ಅಷ್ಟೇ. ಹಾಕಿದ ಕಸಿಮೂಳೆ ಬೆಳೆದು ಎರಡೂ ಕಡೆಯ ಮೂಳೆ ಒಂದಾಗಲು 3ರಿಂದ 6 ತಿಂಗಳು, ಪೂರ್ತಿ ಗಟ್ಟಿಯಾಗಲು ಒಂದು ವರ್ಷವೂ ಬೇಕಾಗಬಹುದು. ಅಷ್ಟರಲ್ಲಿ ಮತ್ತೆ ಮತ್ತೆ ಭಾರ ಬಿದ್ದರೆ ಸ್ಕ್ರೂ ಸಡಿಲಾಗಬಹುದು. ಬೀಡಿ, ಸಿಗರೇಟು, ಜಗಿಯುವ ತಂಬಾಕು ಯಾವುದೇ ಇರಲಿ, ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸಿ ಮೂಳೆ ಕೂಡಿಕೊಳ್ಳುವುದನ್ನು ತಡೆಯುತ್ತದೆ. ಫ್ಯೂಷನ್ ಆದವರಿಗೆ ಇದರಲ್ಲಿ ರಿಯಾಯಿತಿ ಇಲ್ಲ.

ಡಿಸ್ಚಾರ್ಜ್ ಆಗುವ ಮುನ್ನ ಇಷ್ಟನ್ನು ಕೇಳಿ, ಹಾಳೆಯಲ್ಲಿ ಬರೆಸಿಕೊಳ್ಳಿ: ಎಷ್ಟು ಕಿಲೋವರೆಗೆ ಎತ್ತಬಹುದು, ಎಷ್ಟು ವಾರ? ಬೆಲ್ಟ್ ಅಥವಾ ಕಾಲರ್ ಯಾವಾಗ ಹಾಕಬೇಕು, ಮಲಗುವಾಗಲೂ ಬೇಕೇ? ಹೊಲಿಗೆ ಯಾವಾಗ ತೆಗೆಯುತ್ತಾರೆ? ಯಾವ ನೋವಿನ ಮಾತ್ರೆ ತೆಗೆದುಕೊಳ್ಳಬಾರದು? ರಕ್ತ ತೆಳುಮಾಡುವ ಮಾತ್ರೆ ನಿಲ್ಲಿಸಿದ್ದರೆ ಮತ್ತೆ ಯಾವಾಗ ಶುರು? ಮತ್ತು ಒಂದು ಮುಖ್ಯ ಪ್ರಶ್ನೆ, ಆಪರೇಷನ್ ವೇಳೆ ನರದ ಪೊರೆ ಹರಿದಿತ್ತೇ? ಹರಿದಿದ್ದರೆ ಮೊದಲ ದಿನಗಳ ನಿಯಮಗಳು ಬೇರೆಯೇ ಇರುತ್ತವೆ.

## ಹಾಸಿಗೆಯಿಂದ ಏಳುವುದು

ದಿನಕ್ಕೆ ಹತ್ತು ಹದಿನೈದು ಸಲ ಮಾಡಬೇಕಾದ ಈ ಕೆಲಸವನ್ನು ಮೊದಲ ದಿನವೇ ಸರಿಯಾಗಿ ಕಲಿತುಬಿಡಿ. ಅಂಗಾತ ಮಲಗಿದಲ್ಲಿಂದ ನೇರ ಎದ್ದು ಕೂರುವುದು ಬೇಡ. ಆ ಒಂದು ಚಲನೆಯಲ್ಲೇ ಸೊಂಟ ಬಗ್ಗಿ, ತಿರುಚಿ ಎರಡೂ ಆಗುತ್ತದೆ.

1. ಅಂಗಾತ ಮಲಗಿ, ಎರಡೂ ಮಂಡಿ ಮಡಚಿ, ಪಾದ ಹಾಸಿಗೆಯ ಮೇಲೆ ಊರಿ.
2. ಹೊಟ್ಟೆಯನ್ನು ಸ್ವಲ್ಪ ಬಿಗಿ ಮಾಡಿ. ಉಸಿರು ಹಿಡಿಯಬೇಡಿ.
3. ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ ಹೊರಳಬೇಕು, ಮರದ ದಿಮ್ಮಿ ಉರುಳಿದ ಹಾಗೆ. ಮೊದಲು ಭುಜ, ಆಮೇಲೆ ಸೊಂಟ ಎಂದಾದರೆ ತಪ್ಪಾಯಿತು.
4. ಮಗ್ಗುಲಾದ ಮೇಲೆ ಎರಡೂ ಕಾಲನ್ನು ಮಂಚದ ಅಂಚಿನಿಂದ ಕೆಳಗಿಳಿಸಿ. ಅದೇ ಹೊತ್ತಿಗೆ ಕೆಳಗಿನ ಮೊಣಕೈ ಮತ್ತು ಮೇಲಿನ ಅಂಗೈಯಿಂದ ಹಾಸಿಗೆಯನ್ನು ತಳ್ಳಿ ಏಳಿ. ಕಾಲಿನ ಭಾರವೇ ಮೇಲ್ಭಾಗವನ್ನು ಎತ್ತುತ್ತದೆ, ತಕ್ಕಡಿಯ ಹಾಗೆ.
5. ಅಂಚಿನಲ್ಲಿ ಒಂದು ನಿಮಿಷ ಕೂತಿರಿ. ನೋವಿನ ಮಾತ್ರೆಯಿಂದ ತಲೆ ತಿರುಗುವುದು ಸಾಮಾನ್ಯ, ಜನ ಬೀಳುವುದೂ ಇದೇ ಹೊತ್ತಿನಲ್ಲಿ.
6. ಅಂಚಿಗೆ ಸರಿದು, ಪಾದ ಮಂಡಿಗಿಂತ ಸ್ವಲ್ಪ ಹಿಂದಿಟ್ಟು, ಕೈಯಿಂದ ಹಾಸಿಗೆ ಒತ್ತಿ, ಕಾಲಿನ ಬಲದಲ್ಲಿ ನಿಲ್ಲಿ. ವಾಕರ್ ಹಿಡಿದು ಎಳೆದುಕೊಂಡು ಏಳಬೇಡಿ, ಅದು ನಿಮ್ಮ ಮೇಲೇ ವಾಲುತ್ತದೆ.

ಮಲಗುವಾಗ ಇದನ್ನೇ ಹಿಂದುಮುಂದಾಗಿ ಮಾಡಿ. ಅಂಚಿನಲ್ಲಿ ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತಿದ್ದರೆ ಮಂಚ ತಗ್ಗಾಯಿತು. ಮೇಲೊಂದು ಗಟ್ಟಿ ಹಾಸಿಗೆ ಹಾಕಿ ಎತ್ತರಿಸಿ. ನೆಲದ ಮೇಲೆ ಮಲಗುವುದು ಸದ್ಯಕ್ಕೆ ಬೇಡ. ಅಂಗಾತ ಮಲಗಿದರೆ ಮಂಡಿಯ ಕೆಳಗೆ, ಮಗ್ಗುಲಾದರೆ ಎರಡು ಮಂಡಿಗಳ ನಡುವೆ ದಿಂಬು ಇರಲಿ. ಬೋರಲು ಮಲಗುವುದನ್ನು ಬಿಡಿ.

## ಗಾಯ, ಮಾತ್ರೆ, ಹೊಟ್ಟೆ

ಹೊಲಿಗೆ ಅಥವಾ ಪಿನ್ನುಗಳನ್ನು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ತೆಗೆಯುತ್ತಾರೆ. ಅಲ್ಲಿಯವರೆಗೆ ಡ್ರೆಸಿಂಗ್ ಒಣಗಿರಬೇಕು. ಟಬ್, ಈಜುಕೊಳದಲ್ಲಿ ಗಾಯ ಮುಳುಗಿಸುವುದು ಪೂರ್ತಿ ಮಾಗುವವರೆಗೂ, ಅಂದರೆ ಕನಿಷ್ಠ 4ರಿಂದ 6 ವಾರ, ಬೇಡ. ದಿನಕ್ಕೊಮ್ಮೆ ಮನೆಯವರು ಗಾಯದ ಫೋಟೋ ತೆಗೆಯಲಿ. ಕೆಂಪು ಹರಡುತ್ತಿದೆಯೇ ಎಂಬುದು ನಿನ್ನೆಯ ಫೋಟೋ ಪಕ್ಕದಲ್ಲಿಟ್ಟರೆ ಮಾತ್ರ ಗೊತ್ತಾಗುವುದು.

ನೋವಿನ ಮಾತ್ರೆಯನ್ನು ತಡೆಯಲಾಗದ ಹಂತ ಮುಟ್ಟುವವರೆಗೆ ಕಾದು ತೆಗೆದುಕೊಳ್ಳುವುದು ಶೌರ್ಯವೇನಲ್ಲ. ಮೊದಲ ವಾರ ಹೇಳಿದ ಹೊತ್ತಿಗೆ ತೆಗೆದುಕೊಂಡರೆ ನಡೆಯಲು ಆಗುತ್ತದೆ, ಮಾತ್ರೆ ಇರುವುದೇ ಅದಕ್ಕೆ. ಇಲ್ಲಿ ಆಗುವ ಎಡವಟ್ಟು ಎಂದರೆ ಪ್ಯಾರಾಸಿಟಮಾಲ್ ಎರಡೆರಡು ಸಲ ಹೊಟ್ಟೆಗೆ ಹೋಗುವುದು. ಟ್ರಾಮಡಾಲ್ ಜೊತೆ ಸೇರಿಸಿದ ಮಾತ್ರೆಯಲ್ಲೂ ಅದು ಇರುತ್ತದೆ, ನೆಗಡಿ ಮಾತ್ರೆಯಲ್ಲೂ ಇರುತ್ತದೆ. ವಯಸ್ಕರಿಗೆ ಎಲ್ಲ ಸೇರಿ ದಿನಕ್ಕೆ 4 ಗ್ರಾಂ ಮೀರಬಾರದು. ಲಿವರ್ ತೊಂದರೆ ಇದ್ದವರಿಗೆ, ತೂಕ ಕಡಿಮೆ ಇದ್ದವರಿಗೆ ಇನ್ನೂ ಕಡಿಮೆ. ಫ್ಯೂಷನ್ ಆದವರು ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥವನ್ನು ಸರ್ಜನ್‌ರನ್ನು ಕೇಳದೆ ಮುಟ್ಟಬೇಡಿ. ಮೂಳೆ ಬೆಳೆಯುವುದಕ್ಕೆ ಅವು ಅಡ್ಡಿಯಾಗಬಹುದೆಂದು ಎಷ್ಟೋ ಸರ್ಜನ್‌ಗಳು ಮೊದಲ ವಾರಗಳಲ್ಲಿ ಬೇಡ ಎನ್ನುತ್ತಾರೆ.

ಮಲಬದ್ಧತೆಯ ಬಗ್ಗೆ ಯಾರೂ ಮೊದಲೇ ಎಚ್ಚರಿಸುವುದಿಲ್ಲ. ಓಪಿಯಾಯ್ಡ್ ಮಾತ್ರೆ (ಟ್ರಾಮಡಾಲ್‌ನಂಥ ಬಲವಾದ ನೋವಿನ ಮಾತ್ರೆ), ಓಡಾಟ ಕಡಿಮೆ, ನೀರು ಕಡಿಮೆ ಎಲ್ಲ ಸೇರಿ ಮೂರನೆಯ ದಿನಕ್ಕೆ ಹೊಟ್ಟೆ ಕಲ್ಲಾಗುತ್ತದೆ. ಮುಕ್ಕಿದರೆ ಆ ಒತ್ತಡ ನೇರ ಡಿಸ್ಕಿನ ಮೇಲೆ. ಹಾಗಾಗಿ ಮಾತ್ರೆ ಶುರುವಾದ ದಿನವೇ ಮಲ ಸಡಿಲಿಸುವ ಔಷಧಿಯನ್ನೂ ಕೇಳಿ ಪಡೆಯಿರಿ. ಕುಕ್ಕರುಗಾಲಲ್ಲಿ ಕೂರುವ ಶೌಚಾಲಯವಾದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ತರಿಸಿ. ಕಮೋಡ್ ಇದ್ದರೂ ತೀರಾ ತಗ್ಗಾಗಿದ್ದರೆ ಎತ್ತರಿಸುವ ಸೀಟು ಸಿಗುತ್ತದೆ. ಶುಚಿ ಮಾಡಿಕೊಳ್ಳುವಾಗ ಸೊಂಟ ತಿರುಚದೆ ಮುಂದಿನಿಂದ ಕೈ ತನ್ನಿ, ಅಥವಾ ಹ್ಯಾಂಡ್ ಶವರ್ ಬಳಸಿ.

ಸೀನು, ಕೆಮ್ಮು ಬಂದಾಗ ಬೆನ್ನು ಬಗ್ಗಿಸಬೇಡಿ. ನಿಂತಿದ್ದರೆ ಗೋಡೆಗೆ ಕೈಕೊಟ್ಟು, ಕೂತಿದ್ದರೆ ದಿಂಬನ್ನು ಹೊಟ್ಟೆಗೆ ಅಪ್ಪಿ, ಎದೆ ನೆಟ್ಟಗಿಟ್ಟು ಸೀನಿ.

## ನಡಿಗೆ

ಮೊದಲ ಆರು ವಾರ ನಡಿಗೆಗಿಂತ ದೊಡ್ಡ ವ್ಯಾಯಾಮ ಇಲ್ಲ. ನಡೆದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇಳಿಯುತ್ತದೆ, ಬೆನ್ನಿನ ಸ್ನಾಯು ಹದವಾಗಿ ಕೆಲಸ ಮಾಡುತ್ತದೆ, ಹೊಟ್ಟೆಯೂ ಸರಿಯಾಗುತ್ತದೆ.

ಆಪರೇಷನ್ ಆದ ದಿನ ಅಥವಾ ಮರುದಿನವೇ ಬಾತ್‌ರೂಮಿನವರೆಗೆ ನಡೆಸುತ್ತಾರೆ. ಮನೆಗೆ ಬಂದ ಮೇಲೆ ಒಂದು ಸಲಕ್ಕೆ 5 ನಿಮಿಷದಂತೆ ದಿನಕ್ಕೆ 5-6 ಸಲ. ಮರುದಿನ ಬೆಳಿಗ್ಗೆ ನೋವು ಹಿಂದಿನ ದಿನದಷ್ಟೇ ಇದ್ದರೆ ಪ್ರತಿ ಸಲಕ್ಕೂ 1-2 ನಿಮಿಷ ಸೇರಿಸಿ. ಎರಡನೆಯ ವಾರದ ಕೊನೆಗೆ 15 ನಿಮಿಷ ದಿನಕ್ಕೆ ಮೂರು ಸಲ, ಆರನೆಯ ವಾರಕ್ಕೆ 30 ನಿಮಿಷ ದಿನಕ್ಕೆ ಎರಡು ಸಲ ಎಂಬುದು ಹೆಚ್ಚಿನವರಿಗೆ ಮುಟ್ಟಬಹುದಾದ ಗುರಿ. ನೆಲ ಸಮತಟ್ಟಾಗಿರಲಿ, ಚಪ್ಪಲಿಗೆ ಹಿಂದೆ ಪಟ್ಟಿ ಇರಲಿ. ದೂರ ಅಳೆಯಬೇಡಿ, ಹೊತ್ತು ಅಳೆಯಿರಿ. ಅರ್ಧ ದಾರಿಯಲ್ಲಿ ಸುಸ್ತಾದರೆ ವಾಪಸ್ ಬರುವ ಅರ್ಧ ಇನ್ನೂ ಬಾಕಿ ಇರುತ್ತದೆ. ಆದ್ದರಿಂದ ಮೊದಲ ವಾರ ಮನೆಯ ಸುತ್ತಲೇ ಸುತ್ತುವುದು ಮೇಲು.

ಮೆಟ್ಟಿಲು ಹತ್ತುವಾಗ ಬಲವಿರುವ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಕಂಬಿ ಹಿಡಿದೇ ಇರಲಿ. ಪಾದದ ಮುಂಭಾಗ ಎತ್ತಲಾಗದೆ ನೆಲಕ್ಕೆ ತಾಗಿ ಎಡವುತ್ತಿದ್ದರೆ ಫಿಸಿಯೋಗೆ ಹೇಳಿ, ಪಾದವನ್ನು ಎತ್ತಿ ಹಿಡಿಯುವ ಸ್ಪ್ಲಿಂಟ್ ಕೊಡುತ್ತಾರೆ. ನಾಚಿಕೆಪಟ್ಟು ಅದನ್ನು ಹಾಕದೆ ಬಿದ್ದರೆ ಆಗುವ ನಷ್ಟ ದೊಡ್ಡದು.

ಎಲ್ಲರೂ ಒಮ್ಮೆಯಾದರೂ ಬೀಳುವ ಗುಂಡಿ ಇದು: ಒಂದು ದಿನ ಮೈ ಹಗುರ ಎನಿಸಿ ಒಂದೇ ಸಲ ಮುಕ್ಕಾಲು ಗಂಟೆ ನಡೆಯುವುದು, ಮುಂದಿನ ಮೂರು ದಿನ ಹಾಸಿಗೆ ಹಿಡಿಯುವುದು. ನೋವಿಗೆ 0ಯಿಂದ 10ರ ಅಂಕ ಕೊಡಿ. 3ರವರೆಗೆ ಮುಂದುವರಿಸಿ. 4-5 ಆದರೆ ಅಲ್ಲಿಗೇ ನಿಲ್ಲಿಸಿ, ನಾಳೆ ಹೆಚ್ಚಿಸಬೇಡಿ. 6 ದಾಟಿದರೆ ಅಥವಾ ಮರುದಿನ ಬೆಳಿಗ್ಗೆಯೂ ಇಳಿಯದಿದ್ದರೆ ನಿನ್ನೆ ಮಾಡಿದ್ದರಲ್ಲಿ ಮೂರನೇ ಒಂದು ಪಾಲು ಕಡಿಮೆ ಮಾಡಿ. ಪೂರ್ತಿ ನಿಲ್ಲಿಸುವುದು ಮಾತ್ರ ಬೇಡ.

## ಕೂರುವುದೇ ಕಷ್ಟ

ನಡೆಯಲು ಬರುತ್ತದೆ, ಮಲಗಲು ಬರುತ್ತದೆ, ಕೂರಲು ಆಗುವುದಿಲ್ಲ. ಸೊಂಟದ ಆಪರೇಷನ್ ಆದ ಹೆಚ್ಚಿನವರ ದೂರು ಇದು. ಬೆನ್ನು ಬಾಗಿಸಿ ಕೂತಾಗ ಸೊಂಟದ ಡಿಸ್ಕಿನ ಮೇಲೆ ಬೀಳುವ ಒತ್ತಡ ನೆಟ್ಟಗೆ ನಿಂತಾಗಿನದಕ್ಕಿಂತ ಹೆಚ್ಚು. ಮೆತ್ತನೆಯ ಸೋಫಾ ಆರಾಮ ಎನಿಸಿದರೂ ಅದರೊಳಗೆ ಸೊಂಟ ಹೂತುಹೋಗಿ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಒಂದು ತಿಂಗಳು ಸೋಫಾದ ಕಡೆ ನೋಡಬೇಡಿ.

ಕೈಯಿರುವ, ಸೀಟು ಗಟ್ಟಿಯಾದ ಕುರ್ಚಿ ಬೇಕು. ಟವೆಲನ್ನು ಮುಂಗೈ ದಪ್ಪ ಸುತ್ತಿ, ಬೆಲ್ಟ್ ಕಟ್ಟುವ ಜಾಗಕ್ಕಿಂತ ಒಂಚೂರು ಮೇಲೆ ಬೆನ್ನಿಗೆ ಕೊಡಿ. ಅದು ನೇರ ಗಾಯದ ಮೇಲೆ ಒತ್ತುತ್ತಿದ್ದರೆ ಸದ್ಯಕ್ಕೆ ಬೇಡ. ಮೊದಲ ವಾರ 10-15 ನಿಮಿಷ, ಅಂದರೆ ಊಟದ ಹೊತ್ತಿನಷ್ಟು. ಆಮೇಲೆ ಎರಡು ಮೂರು ದಿನಕ್ಕೊಮ್ಮೆ 5 ನಿಮಿಷ ಹೆಚ್ಚಿಸಿ. ಫೋನಿನಲ್ಲಿ ಟೈಮರ್ ಇಡಿ. ನೋವು ಬಂದ ಮೇಲೆ ಏಳುವುದಲ್ಲ, ಬರುವ ಮುಂಚೆ ಏಳುವುದು. ಎದ್ದ ಮೇಲೆ ಎರಡು ನಿಮಿಷ ಓಡಾಡಿದರೆ ಸಾಕು.

ಪ್ರತಿದಿನ ಗರಿಷ್ಠ ಎಷ್ಟು ನಿಮಿಷ ಕೂತಿರಿ ಎಂದು ಬರೆದಿಡಿ. ಕುರ್ಚಿ ಕೆಲಸದವರಿಗೆ ವಾಪಸ್ ಹೋಗುವ ದಿನವನ್ನು ಹೇಳುವುದು ಈ ಒಂದು ಅಂಕಿಯೇ.

## ಬಗ್ಗುವುದು, ಎತ್ತುವುದು, ತಿರುಚುವುದು

ಮೊದಲ 6 ವಾರ (ಫ್ಯೂಷನ್ ಆದವರಿಗೆ 12 ವಾರದವರೆಗೂ) ಈ ಮೂರಕ್ಕೂ ಕಡಿವಾಣ. ಭಾರದ ಮಿತಿ ಸಾಮಾನ್ಯವಾಗಿ 2ರಿಂದ 4 ಕಿಲೋ. ತುಂಬಿದ ಬಕೆಟ್, ಸಿಲಿಂಡರ್, ಮಗು ಯಾವುದೂ ಇದರೊಳಗೆ ಬರುವುದಿಲ್ಲ. ಇತ್ತೀಚೆಗೆ ಡಿಸ್ಕೆಕ್ಟಮಿ ಆದವರಿಗೆ ಇಷ್ಟು ಬಿಗಿ ಬೇಡ ಎನ್ನುವ ಸರ್ಜನ್‌ಗಳೂ ಇದ್ದಾರೆ, ಹಾಗಾಗಿ ನಿಮ್ಮ ಮಿತಿಯನ್ನು ಕೇಳಿಯೇ ತಿಳಿದುಕೊಳ್ಳಿ.

ತೊಂದರೆ ಆಗುವುದು ದೊಡ್ಡ ಭಾರದಿಂದಲ್ಲ, ಕೈಯಿಂದ ಜಾರಿ ಬಿದ್ದ ಫೋನಿನಿಂದ. ಬಿದ್ದ ತಕ್ಷಣ ಸೊಂಟ ತಾನಾಗಿ ಬಾಗುತ್ತದೆ. ಅದರ ಬದಲು: ಒಂದು ಕೈಯಲ್ಲಿ ಮೇಜು ಹಿಡಿಯಿರಿ, ಒಂದು ಪಾದ ಹಿಂದಿಡಿ, ಹಿಂದಿನ ಮಂಡಿಯನ್ನು ನಿಧಾನ ನೆಲಕ್ಕೆ ಊರಿ, ಎದೆ ಎತ್ತಿಯೇ ಇರಲಿ. ಫೋನ್ ಎತ್ತಿಕೊಂಡು, ಮೇಜಿಗೆ ಒತ್ತುಕೊಟ್ಟು ಮುಂದಿನ ಕಾಲಿನ ಬಲದಲ್ಲಿ ಏಳಿ. ಮೊದಲ ವಾರ ಅದೂ ಬೇಡ. ಉದ್ದ ಹಿಡಿಯ ಇಕ್ಕಳ ಇಟ್ಟುಕೊಳ್ಳಿ. ಹಲ್ಲುಜ್ಜುವಾಗ ಬೇಸಿನ್ ಮೇಲೆ ಬಾಗಬೇಡಿ, ಲೋಟಕ್ಕೆ ಉಗಿಯಿರಿ. ದಿನಬಳಕೆಯ ಸಾಮಾನೆಲ್ಲ ಸೊಂಟ ಮತ್ತು ಭುಜದ ನಡುವಿನ ಎತ್ತರಕ್ಕೆ ಬರಲಿ. ಕಾಲಿಗೆ ಸಿಕ್ಕುವ ಚಾಪೆ, ವೈರುಗಳನ್ನು ತೆಗೆಸಿ. ಪಕ್ಕದ ವಸ್ತು ಬೇಕಾದಾಗ ಮೈ ತಿರುಗಿಸದೆ ಪಾದ ತಿರುಗಿಸಿ.

ದಾಂಪತ್ಯದ ವಿಷಯ ಕೇಳಲು ಎಲ್ಲರಿಗೂ ಸಂಕೋಚ. ಗಾಯ ಮಾಗಿ, ನಡಿಗೆ ಸರಾಗವಾದ ಮೇಲೆ ತೊಂದರೆಯಿಲ್ಲ. ಆಪರೇಷನ್ ಆದವರು ಅಂಗಾತ ಅಥವಾ ಮಗ್ಗುಲಾಗಿದ್ದು, ಸೊಂಟಕ್ಕೆ ಆಧಾರವಿದ್ದರೆ ಸಾಕು.

## ವ್ಯಾಯಾಮ

ಮೊದಲ ದಿನದಿಂದಲೇ ಮಲಗಿದ್ದಲ್ಲೇ ಮಾಡಬಹುದಾದವು ಮೂರು. ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಎಚ್ಚರವಿದ್ದಾಗ ಗಂಟೆಗೆ 10 ಸಲ. ಪೃಷ್ಠದ ಸ್ನಾಯುಗಳನ್ನು 5 ಸೆಕೆಂಡ್ ಬಿಗಿಹಿಡಿದು ಬಿಡುವುದು, 10 ಸಲ. ಹೊಕ್ಕುಳಿನ ಕೆಳಭಾಗವನ್ನು ಮೆಲ್ಲಗೆ ಒಳಗೆಳೆದು, ಉಸಿರಾಡುತ್ತಲೇ 5-10 ಸೆಕೆಂಡ್ ಹಿಡಿಯುವುದು, 10 ಸಲ.

ಎರಡು ಮೂರನೆಯ ವಾರದಿಂದ, ಫಿಸಿಯೋ ಒಪ್ಪಿದ ಮೇಲೆ: ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು 10ರಂತೆ ಎರಡು ಸುತ್ತು, ಎತ್ತರದ ಕುರ್ಚಿಯಿಂದ ಕೈ ಬಳಸದೆ ಎದ್ದು ಕೂರುವುದು 8-10 ಸಲ, ಗೋಡೆಗೆ ಬೆನ್ನೊರಗಿಸಿ ಅರ್ಧ ಕುರ್ಚಿಯಷ್ಟು ಕೆಳಗೆ ಜಾರಿ 5 ಸೆಕೆಂಡ್ ನಿಲ್ಲುವುದು. ಕಾಲಿನ ಬಿಗಿತಕ್ಕೆ ನರ ಜಾರಿಸುವ ವ್ಯಾಯಾಮ ಇದೆ. ಕುರ್ಚಿಯಲ್ಲಿ ನೆಟ್ಟಗೆ ಕೂತು ಮಂಡಿ ನೀಡುವಾಗ ತಲೆ ಮೇಲಕ್ಕೆ, ಮಂಡಿ ಮಡಚುವಾಗ ತಲೆ ಕೆಳಕ್ಕೆ, ನಿಧಾನವಾಗಿ 10 ಸಲ. ಜೋಮು ಶುರುವಾಗುವ ಸ್ವಲ್ಪ ಮುಂಚೆಯೇ ನಿಲ್ಲಿಸಬೇಕು. ನರ ಸ್ನಾಯುವಲ್ಲ, ಎಳೆದು ಹಿಡಿದರೆ ಕೆರಳುತ್ತದೆ. ಕತ್ತಿನ ಆಪರೇಷನ್ ಆದವರಿಗೆ ಇದು ಅಲ್ಲ.

ಆರು ವಾರದ ನಂತರ (ಫ್ಯೂಷನ್ ಆದವರು ಎಕ್ಸ್‌ರೇ ನೋಡಿ ಅನುಮತಿ ಕೊಟ್ಟ ಮೇಲೆ) ಅಂಗಾತ ಮಲಗಿ ಸೊಂಟ ಎತ್ತುವುದು, ಅಂಬೆಗಾಲಿನಲ್ಲಿ ನಿಂತು ಎಡಗೈ-ಬಲಗಾಲು, ಬಲಗೈ-ಎಡಗಾಲು ನೀಡುವುದು. ಇದೇ ಹೊತ್ತಿಗೆ ಕಲಿಯಬೇಕಾದ್ದು ಸೊಂಟದ ಬದಲು ತೊಡೆಸಂದಿನಿಂದ ಬಾಗುವುದು. ಒಂದು ಕೋಲನ್ನು ಬೆನ್ನಿನುದ್ದಕ್ಕೂ ಹಿಡಿಯಿರಿ; ತಲೆಯ ಹಿಂಭಾಗ, ಭುಜದೆಲುಬುಗಳ ನಡುವೆ, ಬಾಲದೆಲುಬು ಮೂರೂ ಕಡೆ ಅದು ತಾಗಿರಬೇಕು. ಪೃಷ್ಠವನ್ನು ಹಿಂದೆ ತಳ್ಳುತ್ತ ಮುಂದೆ ಬಾಗಿ. ಕೋಲು ಎಲ್ಲಾದರೂ ಬಿಟ್ಟುಕೊಂಡರೆ ಬೆನ್ನು ಬಾಗಿತೆಂದು ಅರ್ಥ. ಭಾರ ಎತ್ತುವ ಕೆಲಸದವರಿಗೆ ಇದೇ ಅಡಿಪಾಯ.

ಸಿಟ್‌ಅಪ್, ನಿಂತು ಕಾಲ್ಬೆರಳು ಮುಟ್ಟುವುದು, ಎರಡೂ ಕಾಲನ್ನು ಒಟ್ಟಿಗೆ ಎತ್ತುವುದು, ಸೊಂಟ ತಿರುಚುವ ಆಸನಗಳು ಈ ತಿಂಗಳುಗಳಲ್ಲಿ ಬೇಡ.

## ಕಾಲು ಇನ್ನೂ ಜೋಮು, ಇದು ಸರಿಯೇ?

ಸಾಮಾನ್ಯವಾಗಿ ಮೊದಲು ಇಳಿಯುವುದು ಕಾಲಿನ ಸೆಳೆತ. ಶಕ್ತಿ ನಿಧಾನವಾಗಿ ಬರುತ್ತದೆ. ಮರಗಟ್ಟಿದ ಭಾಗಕ್ಕೆ ಸ್ಪರ್ಶ ಮರಳುವುದು ಎಲ್ಲಕ್ಕಿಂತ ತಡ, ಕೆಲವರಿಗೆ ಪೂರ್ತಿ ಮರಳುವುದೂ ಇಲ್ಲ. ನರ ಬರೀ ಅಮುಕಿಕೊಂಡಿದ್ದರೆ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ. ಒಳಗಿನ ಎಳೆಗಳೇ ಹಾಳಾಗಿದ್ದರೆ ಅವು ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊಂಟದಿಂದ ಪಾದ ಎಷ್ಟು ದೂರ ಎಂದು ಲೆಕ್ಕ ಹಾಕಿದರೆ ತಾಳ್ಮೆ ಏಕೆ ಬೇಕೆಂದು ತಿಳಿಯುತ್ತದೆ. ಮೊದಲ ಕೆಲವು ವಾರಗಳಲ್ಲಿ ಹಳೆಯ ಸೆಳೆತ ಸ್ವಲ್ಪ ಮರಳಿ ಬಂದು ಹೋಗುವುದೂ ಇದೆ. ನರದ ಊತ ಅದಕ್ಕೆ ಕಾರಣ. ನೋವು ಪಾದದಿಂದ ಮೇಲಕ್ಕೆ, ಸೊಂಟದ ಕಡೆಗೆ ಸರಿಯುತ್ತಿದ್ದರೆ ಒಳ್ಳೆಯ ಸೂಚನೆ. ಸೊಂಟದಿಂದ ಪಾದದ ಕಡೆ ಇಳಿಯುತ್ತಿದ್ದರೆ ಸರ್ಜನ್‌ಗೆ ತಿಳಿಸಿ.

ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ:

- ಮೂತ್ರ ಕಟ್ಟಿಕೊಳ್ಳುವುದು, ಅರಿವಿಲ್ಲದೆ ಮಲ-ಮೂತ್ರ ಹೋಗುವುದು, ಗುದದ್ವಾರ-ಜನನಾಂಗದ ಸುತ್ತ ಸ್ಪರ್ಶ ಇಲ್ಲದಿರುವುದು
- ಕಾಲು ಅಥವಾ ಕೈ ಹೊಸದಾಗಿ ಸೋಲುವುದು, ಸೋಲು ಹೆಚ್ಚುತ್ತಾ ಹೋಗುವುದು
- 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಗಾಯದಿಂದ ಕೀವು, ಹರಡುವ ಕೆಂಪು
- ಗಾಯದಿಂದ ನೀರಿನಂಥ ತಿಳಿ ದ್ರವ, ಎದ್ದು ಕೂತರೆ ಹೆಚ್ಚಾಗಿ ಮಲಗಿದರೆ ಇಳಿಯುವ ತಲೆನೋವು (ನರದ ಪೊರೆಯಿಂದ ದ್ರವ ಸೋರುತ್ತಿರಬಹುದು)
- ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುವುದು, ಎದೆನೋವು, ಏದುಸಿರು
- ಕತ್ತಿನ ಆಪರೇಷನ್ ಆದವರಲ್ಲಿ ಕತ್ತು ಊದುವುದು, ಉಸಿರು ಕಟ್ಟಿದಂತಾಗುವುದು

## ಕೆಲಸಕ್ಕೆ ಮರಳುವುದು

ಅಂದಾಜಿಗೆ ಹೇಳುವುದಾದರೆ, ಡಿಸ್ಕೆಕ್ಟಮಿ ಆದವರು ಕುರ್ಚಿ ಕೆಲಸಕ್ಕೆ 2ರಿಂದ 4 ವಾರದಲ್ಲಿ, ಮೈಬಗ್ಗಿಸಿ ದುಡಿಯುವ ಕೆಲಸಕ್ಕೆ 6ರಿಂದ 12 ವಾರದಲ್ಲಿ. ಫ್ಯೂಷನ್ ಆದವರು ಕುರ್ಚಿ ಕೆಲಸಕ್ಕೆ 4ರಿಂದ 8 ವಾರದಲ್ಲಿ, ಭಾರದ ಕೆಲಸಕ್ಕೆ 3ರಿಂದ 6 ತಿಂಗಳಲ್ಲಿ ಮರಳುತ್ತಾರೆ. ರಜೆ ಕೇಳುವುದಕ್ಕೆ ಈ ಅಂಕಿ ಸಾಕು. ಹೊರಡುವುದಕ್ಕೆ ಸಾಲದು.

ಒಂದು ಹಾಳೆ ತೆಗೆದುಕೊಂಡು ನಿಮ್ಮ ಕೆಲಸದ ಒಂದು ದಿನವನ್ನು ಬಿಡಿಸಿ ಬರೆಯಿರಿ. ಒಮ್ಮೆಗೆ ಎಷ್ಟು ಹೊತ್ತು ಕೂರಬೇಕು, ನಿಲ್ಲಬೇಕು? ಅತಿ ಭಾರದ ವಸ್ತು ಎಷ್ಟು ಕಿಲೋ, ಯಾವ ಎತ್ತರದಿಂದ ಎತ್ತಬೇಕು, ದಿನಕ್ಕೆಷ್ಟು ಸಲ? ಪ್ರಯಾಣ ಎಷ್ಟು ಹೊತ್ತು, ಯಾವುದರಲ್ಲಿ? ಬೇಕಾದಾಗ ಎದ್ದು ಓಡಾಡುವ ಸ್ವಾತಂತ್ರ್ಯ ಇದೆಯೇ? ಎಷ್ಟೋ ಜನರಿಗೆ ಬರೆದ ಮೇಲೇ ತಿಳಿಯುವುದು, ತಮ್ಮ ಕೆಲಸದಲ್ಲಿ ಅತಿ ಕಷ್ಟದ ಭಾಗ ಕೆಲಸವಲ್ಲ, ಅಲ್ಲಿಗೆ ಹೋಗಿ ಬರುವ ದಾರಿ ಎಂದು.

ಕುರ್ಚಿ ಕೆಲಸದವರು ಹೊರಡುವ ಮುನ್ನ ಇವನ್ನು ಪಾಸಾಗಬೇಕು: 45 ನಿಮಿಷ ಕೂತು, 5 ನಿಮಿಷ ಓಡಾಡಿ, ಮತ್ತೆ 45 ನಿಮಿಷ ಕೂರಲು ಬರಬೇಕು. 30 ನಿಮಿಷ ನಡೆಯಬೇಕು. ಹಗಲು ಹೊತ್ತಿನಲ್ಲಿ ಮಂಪರು ತರುವ ಮಾತ್ರೆ ಬೇಕಾಗಬಾರದು. ಕೆಲಸವಿಲ್ಲದ ದಿನ ಅದೇ ದಾರಿಯಲ್ಲಿ ಅದೇ ಹೊತ್ತಿಗೆ ಒಮ್ಮೆ ಹೋಗಿ ಬಂದಿರಬೇಕು. ಕೊನೆಗೆ, ಮನೆಯಲ್ಲೇ ಮೂರು ದಿನ ಸತತವಾಗಿ 4 ಗಂಟೆ ಮೇಜಿನ ಕೆಲಸ ಮಾಡಿ, ನಾಲ್ಕನೆಯ ಬೆಳಿಗ್ಗೆ ನೋವು ಏರಿರಬಾರದು.

ವೈದ್ಯರಿಂದ ಪತ್ರ ಪಡೆಯುವಾಗ 'ಹಗುರ ಕೆಲಸ ಕೊಡುವುದು' ಎಂದು ಬರೆಸಿಕೊಂಡರೆ ಪ್ರಯೋಜನವಿಲ್ಲ. ಹಗುರ ಎಂದರೆ ಮೇಲಧಿಕಾರಿಗೆ ಒಂದು ಅರ್ಥ, ನಿಮಗೆ ಇನ್ನೊಂದು. ಅಂಕಿ ಬರೆಸಿ: '4 ವಾರ ದಿನಕ್ಕೆ 4 ಗಂಟೆ, 40 ನಿಮಿಷಕ್ಕೊಮ್ಮೆ 5 ನಿಮಿಷ ಬಿಡುವು, 5 ಕಿಲೋಗಿಂತ ಹೆಚ್ಚು ಎತ್ತುವಂತಿಲ್ಲ, ನೆಲದಿಂದ ಎತ್ತುವಂತಿಲ್ಲ, ಮರುಪರಿಶೀಲನೆ ಇಂಥ ದಿನಾಂಕ'. ಹೋಗುವ ವಾರದ ಮೊದಲೇ ಮೇಲಧಿಕಾರಿಯ ಜೊತೆ ಕೂತು ಇದನ್ನು ಮಾತಾಡಿ.

ಮೊದಲ ದಿನ ಸೋಮವಾರ ಬೇಡ. ಗುರುವಾರ ಶುರು ಮಾಡಿದರೆ ಎರಡು ದಿನ ದುಡಿಯುವಷ್ಟರಲ್ಲಿ ವಾರದ ರಜೆ ಸಿಗುತ್ತದೆ. ಮುಂದಿನ ವಾರ ದಿನಕ್ಕೆ 4 ಗಂಟೆ, ಅದರ ಮುಂದಿನ ವಾರ 6, ಆಮೇಲೆ ಪೂರ್ತಿ. ಒಂದು ವಾರ ಭಾರವಾದರೆ ಅದೇ ಮೆಟ್ಟಿಲಲ್ಲಿ ಇನ್ನೊಂದು ವಾರ ನಿಲ್ಲಿ.

ಕುರ್ಚಿಯ ಎತ್ತರ ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು, ಮಂಡಿ ಸೊಂಟದ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ಎರಡು ಮೂರು ಬೆರಳು ಜಾಗ. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನ ದೂರ. ಬರೀ ಲ್ಯಾಪ್‌ಟಾಪ್ ಇದ್ದರೆ ಅದರ ಕೆಳಗೆ ಪುಸ್ತಕ ಪೇರಿಸಿ ಎತ್ತರಿಸಿ, ಕೀಬೋರ್ಡ್-ಮೌಸ್ ಬೇರೆ ಇಡಿ. ಪ್ರಿಂಟರ್, ನೀರಿನ ಬಾಟಲಿಗಳನ್ನು ಕೈಗೆಟುಕದ ಜಾಗದಲ್ಲಿಡಿ. ಏಳಲು ಅದೇ ನೆಪ. ಬ್ಯಾಗ್ ಒಂದೇ ಹೆಗಲಿಗೆ ಬೇಡ. ಊಟದ ಹೊತ್ತಿನಲ್ಲಿ 10 ನಿಮಿಷ ಮಗ್ಗುಲಾಗಲು ಜಾಗ ಸಿಕ್ಕರೆ ಮಧ್ಯಾಹ್ನ ಸಲೀಸು.

ಕಾರು ಓಡಿಸುವುದು ಡಿಸ್ಕೆಕ್ಟಮಿ ಆದವರಿಗೆ ಸಾಮಾನ್ಯವಾಗಿ 2ರಿಂದ 4 ವಾರ, ಫ್ಯೂಷನ್ ಆದವರಿಗೆ 6 ವಾರದ ನಂತರ. ಓಪಿಯಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರೆಗೆ ಇಲ್ಲವೇ ಇಲ್ಲ. ನಿಂತ ಕಾರಿನಲ್ಲಿ ಕೂತು ಬ್ರೇಕನ್ನು ಹಠಾತ್ತನೆ ಪೂರ್ತಿ ಒತ್ತಿ ನೋಡಿ. ನೋವಿಗೆ ಹೆದರಿ ಕಾಲು ಹಿಂಜರಿದರೆ ಇನ್ನೂ ಹೊತ್ತು ಬಂದಿಲ್ಲ. ಕತ್ತಿನ ಕಾಲರ್ ಹಾಕಿ ಓಡಿಸಬೇಡಿ, ಪಕ್ಕಕ್ಕೆ ನೋಡಲಾಗುವುದಿಲ್ಲ. ಬೈಕ್-ಸ್ಕೂಟರ್ ಇನ್ನೂ ತಡ: ಗುಂಡಿಗೆ ಇಳಿದಾಗಿನ ಏಟು ನೇರ ಸೊಂಟಕ್ಕೆ, ಗಾಡಿ ವಾಲಿದರೆ ಹಿಡಿಯುವ ಭಾರವೂ ಸೊಂಟಕ್ಕೆ. ಕಾರು, ಬಸ್ಸಿನ ದೂರ ಪ್ರಯಾಣದಲ್ಲಿ ಪ್ರತಿ 30-40 ನಿಮಿಷಕ್ಕೊಮ್ಮೆ ಇಳಿದು ಅಥವಾ ಎದ್ದು ನಿಲ್ಲಬೇಕು.

ಕತ್ತಿನ ಮುಂಭಾಗದಿಂದ ಆಪರೇಷನ್ ಆದವರಿಗೆ ಮೊದಲ ದಿನಗಳಲ್ಲಿ ನುಂಗಲು ಕಷ್ಟ, ದನಿ ಗೊಗ್ಗರು ಆಗುವುದು ಸಾಮಾನ್ಯ, ವಾರಗಳಲ್ಲಿ ಇಳಿಯುತ್ತದೆ. ಪಾಠ ಹೇಳುವವರು, ಕಾಲ್‌ಸೆಂಟರಿನವರು ರಜೆ ಲೆಕ್ಕ ಹಾಕುವಾಗ ದನಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫೋನನ್ನು ಕಿವಿ-ಭುಜದ ನಡುವೆ ಸಿಕ್ಕಿಸುವ ಅಭ್ಯಾಸ ಇದ್ದರೆ ಹೆಡ್‌ಸೆಟ್‌ಗೆ ಬದಲಿಸಿ. ತಲೆಯ ಮೇಲೆ ಕೈಯೆತ್ತಿ ಮಾಡುವ ಕೆಲಸ ತಡವಾಗಿ ಶುರುವಾಗಲಿ.

ಭಾರ ಎತ್ತುವ ಕೆಲಸದವರು, ಸರ್ಜನ್ ಅನುಮತಿ ಸಿಕ್ಕ ಮೇಲೆ, ಮನೆಯಲ್ಲೇ ಅಭ್ಯಾಸ ಮಾಡಬೇಕು. ಒಂದು ಪೆಟ್ಟಿಗೆಯಲ್ಲಿ ನೀರಿನ ಬಾಟಲಿ ತುಂಬಿ 5 ಕಿಲೋ ಮಾಡಿ, ಸೊಂಟದ ಎತ್ತರದ ಮೇಜಿನಿಂದ ಎತ್ತಿ, ಮೈಗೆ ಒತ್ತಿ ಹಿಡಿದು, 10 ಮೀಟರ್ ನಡೆದು, ಇನ್ನೊಂದು ಮೇಜಿಗಿಡಿ. 10 ಸಲ, ದಿನ ಬಿಟ್ಟು ದಿನ. ಒಂದು ವಾರ ತೊಂದರೆ ಇಲ್ಲದಿದ್ದರೆ ಒಂದೋ ಎರಡೋ ಬಾಟಲಿ ಸೇರಿಸಿ, ಅಂದರೆ 1-2 ಕಿಲೋ. ಭಾರ ಹೆಚ್ಚಿಸಿದ ವಾರ ಎತ್ತರ ತಗ್ಗಿಸಬೇಡಿ, ಎತ್ತರ ತಗ್ಗಿಸಿದ ವಾರ ಭಾರ ಹೆಚ್ಚಿಸಬೇಡಿ. ಸೊಂಟದ ಎತ್ತರದಿಂದ ಮಂಡಿಯ ಎತ್ತರಕ್ಕೆ, ಅಲ್ಲಿಂದ ನೆಲಕ್ಕೆ ಇಳಿಯುವಷ್ಟರಲ್ಲಿ ಹತ್ತು ಹನ್ನೆರಡು ವಾರ ಹಿಡಿಯುತ್ತದೆ. ಕೆಲಸದಲ್ಲಿ 20 ಕಿಲೋ ಎತ್ತಬೇಕಿದ್ದು ಮನೆಯಲ್ಲಿ ಇನ್ನೂ 12ರಲ್ಲಿದ್ದರೆ, ಪತ್ರದಲ್ಲಿ 10 ಎಂದೇ ಬರೆಸಿ. ಕೆಲಸದ ಜಾಗದಲ್ಲಿ ಪೆಟ್ಟಿಗೆಗೆ ಹಿಡಿ ಇರುವುದಿಲ್ಲ, ನೆಲ ಒದ್ದೆಯಿರುತ್ತದೆ, ಹಿಂದಿನಿಂದ ಯಾರೋ ಬೇಗ ಬೇಗ ಎನ್ನುತ್ತಿರುತ್ತಾರೆ.